‘ಒಂದ್ನಿಮಿಷ ಕೊಡು ಗುರು’: ಸ್ವಂತ ಟೂಲ್ಸ್ ಯಾವುದನ್ನು ಕೊಡುವುದು, ಹೇಗೆ ಕೊಡುವುದು

ಬೆಳಗಿನ ಶಿಫ್ಟ್ ಶುರುವಾಗಿ ಹತ್ತು ನಿಮಿಷ ಕೂಡ ಆಗಿರುವುದಿಲ್ಲ, ಪಕ್ಕದ ಮಿಲ್ಲಿಂಗ್ ಮೆಷಿನ್ ಕಡೆಯಿಂದ ಕೈ ಚಾಚಿಕೊಂಡು ಒಬ್ಬ ಬರುತ್ತಾನೆ. ‘ಆರನೇ ನಂಬರ್ ಎಲ್-ಕೀ ಒಂದ್ನಿಮಿಷ ಕೊಡು ಗುರು.’ ಆ ಒಂದು ನಿಮಿಷ ಎಷ್ಟು ಉದ್ದ ಅನ್ನುವುದು ಪೀಣ್ಯದ ಟೂಲ್‌ರೂಮ್‌ಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಬೋಲ್ಟ್ ತಿರುಗಿಸುವ ನನ್ನದೊಂದು ಎಲ್-ಕೀ ಎರಡು ವರ್ಷ ಎಂಟು ತಿಂಗಳು ಆ ಒಂದು ನಿಮಿಷದ ಒಳಗೇ ಇತ್ತು. ಕೊನೆಗೆ ಸಿಕ್ಕಿದ್ದು ಕೂಲೆಂಟ್ ಟ್ಯಾಂಕ್ ತೊಳೆಯುವಾಗ, ತಳದ ಕೆಸರಿನಲ್ಲಿ.

ನಾನು ಟೂಲ್‌ರೂಮ್ ಫಿಟ್ಟರ್. ಪೀಣ್ಯದಲ್ಲೇ ಮೂರು ಕಂಪನಿ ಬದಲಾಯಿಸಿ ಇಪ್ಪತ್ತೆರಡು ವರ್ಷ ಆಯಿತು. ಸಣ್ಣ ಶಾಪ್‌ಗಳಲ್ಲಿ ಕಂಪನಿಯವರು ಮೆಷಿನ್ ಕೊಡುತ್ತಾರೆ, ಮೆಟೀರಿಯಲ್ ಕೊಡುತ್ತಾರೆ. ಕೈಗೆ ಒಗ್ಗಿದ ಅರ, ಸ್ಪ್ಯಾನರ್, ಅಳತೆಯ ವರ್ನಿಯರ್ ಮಾತ್ರ ನಮ್ಮ ನಮ್ಮ ಪೆಟ್ಟಿಗೆಯಿಂದಲೇ ಬರಬೇಕು. ಸ್ವಂತ ಟೂಲ್ಸ್ ಇಟ್ಟುಕೊಂಡವನ ಬೆಂಚಿನ ಮುಂದೆ ಸದಾ ಕ್ಯೂ. ಕೊಟ್ಟರೆ ಸಾಮಾನು ಹಾಳು, ಕೊಡದಿದ್ದರೆ ಸ್ನೇಹ ಹಾಳು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತ ಗಾದೆ ಕಟ್ಟಿದವನ ಹತ್ತಿರವೂ ಒಂದು ಟೂಲ್ ಬಾಕ್ಸ್ ಇದ್ದಿರಬೇಕು ಅಂತ ನನ್ನ ಗುಮಾನಿ.

ಮೊದಲ ಬೋನಸ್‌ನಲ್ಲಿ ವರ್ನಿಯರ್ ಕೊಂಡ ಹುಡುಗರು ನನ್ನನ್ನು ಕೇಳುವುದೂ ಇದನ್ನೇ: ‘ಅಣ್ಣಾ, ಕೇಳಿದ್ರೆ ಕೊಡೋದಾ, ಬೇಡ್ವಾ?’ ದಾರಿ ಇರುವುದು ಎರಡೇ ಅಲ್ಲ. ಸುಮ್ಮನೆ ಕೊಡಬಹುದು. ಟೋಕನ್ ಇಸಿದುಕೊಂಡು ಕೊಡಬಹುದು. ಕೊಡುವುದಕ್ಕೆಂದೇ ಇನ್ನೊಂದು ಸೆಟ್ ಇಡಬಹುದು. ಟೂಲ್ ಹಿಡಿದು ನಾವೇ ಹೋಗಿ ಕೆಲಸ ಮಾಡಿಕೊಟ್ಟು ಬರಬಹುದು. ಕೊಡಲ್ಲ ಅನ್ನಬಹುದು. ಕಂಪನಿಯಿಂದ ತರಿಸಬಹುದು. ಆರನ್ನೂ ಮಾಡಿ ನೋಡಿದವನು ನಾನು. ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ.

ಮುಖ ನೋಡಬೇಡಿ, ಸಾಮಾನು ನೋಡಿ

ನಾವು ಮಾಡುವ ಮೊದಲ ತಪ್ಪೆಂದರೆ ಕೇಳುವವನ ಮುಖ ನೋಡಿ ತೀರ್ಮಾನ ಮಾಡುವುದು. ಇವನು ಒಳ್ಳೆಯವನು, ಕೊಡೋಣ. ಅವನು ಬೇಜವಾಬ್ದಾರಿ, ಬೇಡ. ನನ್ನ ಲೆಕ್ಕದಲ್ಲಿ ಅತಿ ದೊಡ್ಡ ನಷ್ಟ ಆದದ್ದು ಶಾಪ್‌ನಲ್ಲೇ ತುಂಬ ಒಳ್ಳೆಯ ಹುಡುಗನಿಂದ.

ಏಳೆಂಟು ವರ್ಷದ ಹಿಂದಿನ ಮಾತು. ನನ್ನ ಹತ್ತಿರ ಕೂದಲೆಳೆಯ ವ್ಯತ್ಯಾಸವನ್ನೂ ಅಳೆಯುವ 0–25 ಮಿ.ಮೀ. ಮೈಕ್ರೋಮೀಟರ್ ಒಂದಿತ್ತು, ಜಪಾನಿನ ಮಿಟುಟೊಯೊ. ಬೆಳಿಗ್ಗೆ ಜೀರೋ ನೋಡಿ, ಕೆಲಸಕ್ಕೆ ಕೂತಿದ್ದೆ. ಟೀ ಹೊತ್ತಿಗೆ ಲೇತ್ ಹುಡುಗ ಬಂದು ಕೇಳಿದ, ಕೊಟ್ಟೆ. ಊಟಕ್ಕೆ ಮೊದಲೇ ತಂದು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ ಹೋಗಿದ್ದ. ಶಿಸ್ತಿನ ಹುಡುಗ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮಧ್ಯಾಹ್ನ 25 ಎಚ್7 ಶಾಫ್ಟ್‌ಗಳ ಕೆಲಸ. ಅಂದರೆ 25.000 ಮಿ.ಮೀ.ಗಿಂತ ಒಂದು ಮೈಕ್ರಾನೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹೆಚ್ಚಿರಬಾರದು, ಅದಕ್ಕಿಂತ 21 ಮೈಕ್ರಾನ್‌ಗಿಂತ ಹೆಚ್ಚು ಕೆಳಗಿಳಿಯಲೂಬಾರದು. ಎಲ್ಲವನ್ನೂ 24.99ಕ್ಕೆ ನಿಲ್ಲಿಸಿ, ಒರೆಸಿ, ಎಣ್ಣೆ ಹಚ್ಚಿ ಇನ್‌ಸ್ಪೆಕ್ಷನ್‌ಗೆ ಕಳಿಸಿದೆ. ಅರ್ಧ ಗಂಟೆಗೆ ಅಲ್ಲಿನ ಅಕ್ಕ ಟ್ರೇ ಸಮೇತ ವಾಪಸ್ ಬಂದರು. ಒಂದೊಂದೂ 24.97.

ಆಮೇಲೆ ಮೈಕ್ರೋ ಮುಚ್ಚಿ ನೋಡಿದರೆ ಜೀರೋ ಇರಬೇಕಾದ ಕಡೆ ಎರಡು ಗೆರೆ, ಅಂದರೆ 0.02 ಮಿ.ಮೀ. ಹೆಚ್ಚು ತೋರಿಸುತ್ತಿದೆ. ಎಲ್ಲೋ ಬಿದ್ದು ಫ್ರೇಮ್‌ಗೆ ಪೆಟ್ಟಾಗಿದೆ. ಮೇಲೆ ಒಂದು ಗೀರೂ ಇಲ್ಲ. ದಪ್ಪ ಉಳಿದಿದ್ದರೆ ಮತ್ತೊಮ್ಮೆ ಗ್ರೈಂಡಿಂಗ್‌ಗೆ ಹಾಕಬಹುದಿತ್ತು, ಸಣ್ಣಗಾದದ್ದಕ್ಕೆ ಮದ್ದಿಲ್ಲ, ನೇರ ಸ್ಕ್ರ್ಯಾಪ್. ಹುಡುಗನನ್ನು ಕರೆದು ಕೇಳಿದೆ. ಒಪ್ಪಿಕೊಂಡ. ‘ಬಿತ್ತಣ್ಣಾ. ಹೇಳಿದ್ರೆ ಬೈತೀರ ಅಂತ...’

ಮೈಕ್ರೋ ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಅದರ ಹಿಂದಿನ ತಿಂಗಳು ಒಬ್ಬ ಡ್ರಿಲ್ ಬಿಟ್ ಮುರಿದದ್ದಕ್ಕೆ ಶಾಪೆಲ್ಲ ಕೇಳುವ ಹಾಗೆ ಕೂಗಾಡಿದ್ದೆ. ಅದನ್ನು ನೋಡಿದ್ದ ಹುಡುಗ ಬಾಯಿ ಮುಚ್ಚಿಕೊಂಡ. ಅವತ್ತಿನಿಂದ ನನ್ನ ಬೆಂಚಿನಲ್ಲಿ ಒಂದೇ ಕರಾರು: ಬೀಳಿಸಿದರೆ ಬೈಯಲ್ಲ, ಹೇಳದಿದ್ದರೆ ಮಾತ್ರ ಮುಂದೆ ಏನೂ ಸಿಗಲ್ಲ.

ಆ ಟ್ರೇ ನೋಡಿದ ಮೇಲೆ ಪೆಟ್ಟಿಗೆಯನ್ನು ಹೊಸದಾಗಿ ಜೋಡಿಸಿದೆ, ಮೂರು ಗುಂಪು ಮಾಡಿ. ಪೆಟ್ಟು ಬಿದ್ದರೆ ಕಣ್ಣಿಗೆ ಕಾಣುವವು ಒಂದು ಗುಂಪು: ಸ್ಪ್ಯಾನರ್, ಸುತ್ತಿಗೆ, ಕಟಿಂಗ್ ಪ್ಲೇಯರ್, ಎಲ್-ಕೀ, ಸಿ-ಕ್ಲ್ಯಾಂಪ್. ಬಾಯಿ ಅಗಲಿಸಿದ ಸ್ಪ್ಯಾನರ್, ಮೂಲೆ ಸವೆದ ಎಲ್-ಕೀ ಕೈಗೆತ್ತಿಕೊಂಡ ಕೂಡಲೇ ಗೊತ್ತಾಗುತ್ತದೆ. ಪೆಟ್ಟು ಬಿದ್ದರೂ ಸುಮ್ಮನೆ ಕೂತು ಸುಳ್ಳು ಹೇಳುವವು ಇನ್ನೊಂದು: ಮೈಕ್ರೋಮೀಟರ್, ಡಯಲ್, ವರ್ನಿಯರ್, ಮಟ್ಟಗೋಲು, ಲಂಬಕೋನ ನೋಡುವ ಟ್ರೈ ಸ್ಕ್ವೇರ್, ಬೋಲ್ಟನ್ನು ಬೇಕಾದಷ್ಟೇ ಬಿಗಿಯಲು ಬಳಸುವ ಟಾರ್ಕ್ ರೆಂಚ್. ಬಳಸಿದಷ್ಟೂ ಸವೆಯುವವು ಮೂರನೆಯದು: ಅರ, ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್, ಡ್ರಿಲ್ ಬಿಟ್, ಹ್ಯಾಕ್ಸಾ ಬ್ಲೇಡ್. ಮೊದಲ ಗುಂಪನ್ನು ಸಾಲ ಕೊಡಬಹುದು, ಎರಡನೆಯದನ್ನು ಕೈಬಿಡಬಾರದು, ಮೂರನೆಯದನ್ನು ಕೊಟ್ಟರೆ ದಾನ ಕೊಟ್ಟೆ ಅಂದುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಸುಮ್ಮನೆ ಕೊಡುವುದು

ಇಬ್ಬರೇ ಇರುವ ಶಾಪ್‌ನಲ್ಲಿ, ಕಣ್ಣೆದುರೇ ಕೆಲಸ ನಡೆಯುವಾಗ ಇದಕ್ಕಿಂತ ಸುಲಭ ಇಲ್ಲ. ಹತ್ತು ಜನ ದಾಟಿದರೆ ಇದು ಕೆಲಸಕ್ಕೆ ಬರುವುದಿಲ್ಲ. ಕಾರಣ ಕಳ್ಳತನ ಅಲ್ಲ. ನನ್ನ ಅನುಭವದಲ್ಲಿ ಬೇಕೆಂತಲೇ ಟೂಲ್ ಕದ್ದವರು ಬಹಳ ಕಡಿಮೆ. ಆಗುವುದೇನೆಂದರೆ, ನೀವು ಕೊಟ್ಟವನು ಇನ್ನೊಬ್ಬನಿಗೆ ಕೊಟ್ಟಿರುತ್ತಾನೆ, ಅವನು ಶಿಫ್ಟ್ ಮುಗಿಸಿ ಹೋಗಿರುತ್ತಾನೆ. ಕೈಯಿಂದ ಕೈಗೆ ದಾಟುತ್ತಾ ಹೋದ ಹಾಗೆ ‘ಇದು ಯಾರದ್ದು’ ಅನ್ನುವುದೇ ಅಳಿಸಿಹೋಗುತ್ತದೆ. ಸುಮ್ಮನೆ ಕೊಡುವುದೇ ಆದರೆ ಒಂದು ಮಾತು ಸೇರಿಸಿ ಕೊಡಿ: ‘ನಿನ್ನ ಕೈಯಿಂದ ನನ್ನ ಕೈಗೇ ಬರಬೇಕು.’ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಎರಡನೇ ಸೆಟ್

ಇದಕ್ಕೆ ಖರ್ಚಿದೆ, ಆದರೂ ಮೊದಲ ಗುಂಪಿನ ಸಾಮಾನಿಗೆ ನನ್ನ ಓಟು ಇದಕ್ಕೇ. ನಮ್ಮ ಒಳ್ಳೆಯ ಸೆಟ್ ಪೆಟ್ಟಿಗೆಯಲ್ಲೇ ಇರುತ್ತದೆ, ಬೆಂಚಿನ ಪಕ್ಕದ ಹಲಗೆಯಲ್ಲಿ ‘ಊರಿನ ಸೆಟ್’ ನೇತಾಡುತ್ತಿರುತ್ತದೆ.

ಹೊಸದಾಗಿ ಪೂರ್ತಿ ಸೆಟ್ ಕೊಳ್ಳಬೇಡಿ. ಎಲ್ಲರೂ ಕೇಳುವುದು ನಾಲ್ಕೈದು ಸೈಜ್ ಮಾತ್ರ. ಶಾಪ್‌ನಲ್ಲಿ ಹೆಚ್ಚು ಓಡಾಡುವ ಅಲೆನ್ ಬೋಲ್ಟ್‌ಗಳು ಎಂ6, ಎಂ8, ಎಂ10. ಅವಕ್ಕೆ ಬೇಕಾದ ಕೀ 5, 6, 8. ಈ ಮೂರನ್ನು ಎರಡೆರಡು ಬಿಡಿಯಾಗಿ ತಂದರೆ ಎಲ್-ಕೀ ಕಾಟ ಮುಕ್ಕಾಲು ತಪ್ಪುತ್ತದೆ. ಸ್ಪ್ಯಾನರ್‌ನಲ್ಲಿ 12-13, 16-17, 18-19. ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಟಪಾರಿಯಾ ಬಿಡಿ ಬಿಡಿಯಾಗಿ ಸಿಗುತ್ತದೆ. ಹಳೆಯದಾದರೂ ಪರವಾಗಿಲ್ಲ ಅನ್ನುವವರು ಭಾನುವಾರ ಬೆಳ್ಳಂಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಹೋಗಿ ಹುಡುಕಬಹುದು. ಅಲ್ಲಿ ಸ್ಪ್ಯಾನರಿನ ಬಾಯಿ ಬೆಳಕಿಗೆ ಹಿಡಿದು ನೋಡಿ ಕೊಳ್ಳಿ, ಅಗಲಿಸಿದ ಮಾಲು ಬಹಳ ಇರುತ್ತದೆ.

ಇನ್ನು ಬಣ್ಣ. ನನ್ನ ಊರಿನ ಸೆಟ್‌ಗೆಲ್ಲ ಕಡು ಗುಲಾಬಿ ಉಗುರುಬಣ್ಣ ಹಚ್ಚಿದ್ದೇನೆ. ಮನೆಯವಳ ಶೀಶೆ ಒಂದು ಪೂರ್ತಿ ಖಾಲಿ ಆಯಿತು, ಅದರ ಲೆಕ್ಕ ಬೇರೆ. ಗುಲಾಬಿ ಸ್ಪ್ಯಾನರ್ ಯಾವ ಬೆಂಚಿನ ಮೇಲಿದ್ದರೂ ಇಪ್ಪತ್ತು ಅಡಿ ದೂರದಿಂದ ಕಾಣುತ್ತದೆ. ಅದನ್ನು ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಹೆಸರು ಕೆತ್ತುವವರು ಎಚಿಂಗ್ ಪೆನ್ ಬಳಸಿ. ಗಟ್ಟಿ ಉಕ್ಕಿನ ಮೇಲೆ ಲೆಟರ್ ಪಂಚ್ ಇಟ್ಟು ಸುತ್ತಿಗೆ ಬೀಸಿದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಅಳತೆಯ ಸಾಮಾನಿನ ಮೇಲಂತೂ ಪಂಚ್ ಮಾತೇ ಬೇಡ.

ಎರಡನೇ ಸೆಟ್‌ಗೂ ಒಂದು ಹುಳುಕಿದೆ. ಆರು ತಿಂಗಳಲ್ಲಿ ಅದು ಎಲ್ಲರ ಸ್ವತ್ತು, ಅಂದರೆ ಯಾರೂ ನೋಡಿಕೊಳ್ಳದ ಸ್ವತ್ತು ಆಗಿಬಿಡುತ್ತದೆ. ಹಲಗೆಯ ಮೇಲೆ ಪ್ರತಿ ಟೂಲ್‌ನ ಆಕಾರವನ್ನು ಮಾರ್ಕರ್‌ನಿಂದ ಬರೆದಿಟ್ಟರೆ ಖಾಲಿ ಜಾಗ ಎದ್ದು ಕಾಣುತ್ತದೆ. ವಿಮಾನ ದುರಸ್ತಿ ಮಾಡುವ ಕಡೆ ಇದೇ ಪದ್ಧತಿಯನ್ನು ಬಲು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಎಂಜಿನ್ ಒಳಗಿಲ್ಲ ಅಂತ ಖಾತ್ರಿಯಾಗುವವರೆಗೆ ವಿಮಾನ ಬಿಡುವುದಿಲ್ಲ. ನಮ್ಮ ಶಾಪ್‌ನಲ್ಲೂ ಲೇತ್ ಚಕ್ ಒಳಗೆ ಮರೆತ ಚಕ್-ಕೀ ಮೆಷಿನ್ ಶುರುವಾದಾಗ ಹೇಗೆ ಹಾರಿ ಬರುತ್ತದೆ ಅಂತ ನೋಡಿದವನಿಗೆ ಇದು ಅತಿ ಅನ್ನಿಸುವುದಿಲ್ಲ.

ಟೋಕನ್

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಎಚ್‌ಎಂಟಿಯಿಂದ ಬಂದವರು. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಹಿತ್ತಾಳೆ ಬಿಲ್ಲೆಯ ಲೆಕ್ಕ ರಕ್ತದಲ್ಲೇ ಇರುತ್ತಿತ್ತು. ಒಬ್ಬೊಬ್ಬನಿಗೂ ತನ್ನ ನಂಬರ್ ಹೊಡೆದ ಕೆಲವು ಬಿಲ್ಲೆ. ಸ್ಟೋರ್ಸ್‌ನಲ್ಲಿ ಟೂಲ್ ತೆಗೆದುಕೊಂಡರೆ ಅದರ ಮೊಳೆಗೆ ನಿಮ್ಮ ಬಿಲ್ಲೆ ಬೀಳುತ್ತದೆ. ಟೂಲ್ ಕೊಟ್ಟರೆ ಬಿಲ್ಲೆ ವಾಪಸ್. ಬಿಲ್ಲೆ ಮುಗಿದರೆ ಟೂಲ್ ಇಲ್ಲ. ವಾದ ಇಲ್ಲ, ಜಗಳ ಇಲ್ಲ, ಬರೆಯುವ ಕೆಲಸವೂ ಇಲ್ಲ.

ಸ್ವಂತ ಟೂಲ್‌ಗೆ ಇದನ್ನು ತಂದಾಗ ಮೊದಮೊದಲು ನಗುತ್ತಾರೆ. ‘ಏನ್ ಗುರು, ಪಾನ್ ಬ್ರೋಕರ್ ಆಗ್ಬಿಟ್ಯಾ’ ಅಂತ ನನಗೂ ಅಂದರು. ನಾನು ಬಿಲ್ಲೆ ಬದಲು ಬೈಕ್ ಕೀ ಇಸಿದುಕೊಂಡೆ. ಸಂಜೆ ಮನೆಗೆ ಹೋಗಲೇಬೇಕಲ್ಲ! ಮೂರು ವಾರ ಚೆನ್ನಾಗಿ ನಡೆಯಿತು. ನಾಲ್ಕನೇ ವಾರ ನಾನೇ ಒಬ್ಬನ ಕೀ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿಬಿಟ್ಟೆ. ಅವನು ರಾತ್ರಿ ಹನ್ನೊಂದಕ್ಕೆ ದಾಸರಹಳ್ಳಿಯವರೆಗೆ ನಡೆದ. ಬೈಕ್ ಕೀ ಬೇಡ.

ಈಗ ಮಾಡುವುದು ಇಷ್ಟೇ: ಕೊಡುವಾಗ ಟೂಲ್ ಹಿಡಿದ ಅವನ ಕೈಯ ಒಂದು ಫೋಟೋ ಫೋನ್‌ನಲ್ಲಿ. ಯಾರು, ಯಾವುದು, ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಎಲ್ಲ ಅದರಲ್ಲೇ ಇರುತ್ತದೆ. ಫೋನ್ ಒಳಗೆ ಬಿಡದ ಕಂಪನಿಯಾದರೆ ಸಣ್ಣ ನೋಟ್‌ಬುಕ್ ಸಾಕು. ಆದರೆ ಬರೆಯುವುದು ಇಸಿದುಕೊಳ್ಳುವವನ ಕೈಯಲ್ಲಿ, ನಿಮ್ಮ ಕೈಯಲ್ಲಲ್ಲ. ತಾನೇ ಬರೆದದ್ದನ್ನು ಯಾರೂ ಮರೆಯುವುದಿಲ್ಲ. ಎರಡನೇ ಸೆಟ್‌ಗೆ ದುಡ್ಡು ಹಾಕಲು ಆಗದವರಿಗೆ ಇದೇ ಸರಿ. ರಾತ್ರಿ ಪಾಳಿಯವರಿಗೆ ಬಿಟ್ಟುಹೋಗುವ ಸಾಮಾನಿಗೂ ಇದೇ.

‘ನಾನೇ ಬರ್ತೀನಿ’

ಎರಡನೇ ಗುಂಪಿಗೆ, ಅಂದರೆ ಸುಳ್ಳು ಹೇಳಬಲ್ಲ ಸಾಮಾನಿಗೆ ಇದೊಂದೇ ದಾರಿ. ‘ಮೈಕ್ರೋ ಕೊಡು’ ಅಂದರೆ ‘ನಡಿ, ಅಳೆದು ಕೊಡ್ತೀನಿ’ ಅನ್ನಿ. ಎರಡು ನಿಮಿಷ ನಿಮ್ಮದು ಹೋಗುತ್ತದೆ, ಸಾಮಾನು ಉಳಿಯುತ್ತದೆ. ಮನಸ್ಸೂ ಮುರಿಯುವುದಿಲ್ಲ, ಯಾಕೆಂದರೆ ನೀವು ಇಲ್ಲ ಅಂದಿಲ್ಲ.

ಇದರಲ್ಲಿ ಇನ್ನೊಂದು ಲಾಭ ಇದೆ. ಹೋಗಿ ನೋಡಿದರೆ ತಾನೇ ಗೊತ್ತಾಗುವುದು ಅವನು ಲೇತಿನಿಂದ ಈಗಷ್ಟೇ ಇಳಿಸಿದ ಬಿಸಿ ಜಾಬ್ (ಕಡೆಯುತ್ತಿದ್ದ ತುಂಡು) ಅಳೆಯಲು ಹೊರಟಿದ್ದ ಅಂತ. ಅಳತೆಗಳೆಲ್ಲ 20 ಡಿಗ್ರಿಯ ಲೆಕ್ಕದಲ್ಲಿ. 100 ಮಿ.ಮೀ. ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಹನ್ನೊಂದು ಮೈಕ್ರಾನ್ ಮೇಲೆ ಉದ್ದವಾಗುತ್ತದೆ. ಮೈಕ್ರೋ ತಪ್ಪು ತೋರಿಸಿತು ಅಂತ ಆಮೇಲೆ ನಿಮ್ಮ ಟೂಲ್‌ಗೇ ಬೈಗುಳ. ಅಲ್ಲಿ ನಿಂತು ‘ಆರಲಿ, ಆಮೇಲೆ ನೋಡೋಣ’ ಅನ್ನುವುದು ಮೈಕ್ರೋ ಕೊಡುವುದಕ್ಕಿಂತ ದೊಡ್ಡ ಉಪಕಾರ.

ಟಾರ್ಕ್ ರೆಂಚ್ ವಿಷಯದಲ್ಲಂತೂ ನಾನು ಜಗ್ಗುವುದಿಲ್ಲ. ಉದ್ದ ಹಿಡಿ ಕಂಡ ಕೂಡಲೇ ಜನರಿಗೆ ಬಿಗಿದ ಬೋಲ್ಟ್ ಬಿಚ್ಚುವ ಆಸೆ ಬರುತ್ತದೆ. ಕ್ಲಿಕ್ ಮಾಡುವ ರೆಂಚ್ ಬಿಗಿಯುವುದಕ್ಕೆ, ಬಿಚ್ಚುವುದಕ್ಕಲ್ಲ. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲಿಸಿ ಸ್ಕೇಲಿನ ಕೆಳಗಿನ ಅಂಕಿಗೆ ತಂದಿಡಬೇಕು. ತಯಾರಕರು ಬೇರೆ ಹೇಳದಿದ್ದರೆ 12 ತಿಂಗಳಿಗೆ ಅಥವಾ 5,000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿ ಇದೆಯೇ ಅನ್ನುವ ಪರೀಕ್ಷೆಗೆ ಹೋಗಬೇಕು. ಊರೆಲ್ಲ ಸುತ್ತಿ ಬಂದ ರೆಂಚಿನ ಲೆಕ್ಕ ಇಡುವವರು ಯಾರು?

ಕೊಡದೆ ಬೇರೆ ದಾರಿಯೇ ಇಲ್ಲದಾಗ, ವಾಪಸ್ ಬಂದ ತಕ್ಷಣ ಅವನು ಎದುರಿಗಿರುವಾಗಲೇ ನೋಡಿಬಿಡಿ. ಮೈಕ್ರೋ ಆದರೆ ಮುಖಗಳ ನಡುವೆ ಶುಭ್ರ ಕಾಗದ ಹಿಡಿದು ಎಳೆದು ಒರೆಸಿ, ರ‍್ಯಾಚೆಟ್‌ನಿಂದ ಮುಚ್ಚಿ ಜೀರೋ ನೋಡುವುದು. ವರ್ನಿಯರ್ ಆದರೆ ದವಡೆ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುವುದು. ನಡುವೆ ಬೆಳಕು ಕಂಡರೆ ಯಾರೋ ಗೆರೆ ಎಳೆಯಲು ಬಳಸಿದ್ದಾರೆ ಅಂತ ಅರ್ಥ. ಟ್ರೈ ಸ್ಕ್ವೇರ್ ಆದರೆ ಒಂದು ಗೆರೆ ಹಾಕಿ, ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂರದಿದ್ದರೆ ಕಾಣುವ ಬಿರುಕು ತಪ್ಪಿನ ಎರಡರಷ್ಟು. ಇದನ್ನೆಲ್ಲ ಅವನ ಮೇಲೆ ಅನುಮಾನ ಪಟ್ಟು ಮಾಡುವ ಹಾಗೆ ಮಾಡಬೇಡಿ. ಮಾತಾಡುತ್ತಾ ಮಾಡಿ, ಎಲ್ಲರಿಗೂ ಮಾಡಿ.

ಕೊಡಲ್ಲ ಅನ್ನುವುದು

ನಮ್ಮ ಇನ್‌ಸ್ಪೆಕ್ಷನ್ ಅಕ್ಕ ಇದರಲ್ಲಿ ಪಂಟರು. ಅಳತೆ ಸಾಧನಗಳನ್ನೇ ಪರೀಕ್ಷಿಸುವ ಸ್ಲಿಪ್ ಗೇಜ್ ಕೇಳಲು ಹೋದವರಿಗೆ ಅವರು ಹೇಳುವುದು ಒಂದೇ ವಾಕ್ಯ: ‘ಆಡಿಟ್ ಲಿಸ್ಟ್‌ನಲ್ಲಿದೆ ಕಣಪ್ಪಾ, ಕೊಡೋ ಹಾಗಿಲ್ಲ.’ ಇದರಲ್ಲಿ ಕೇಳಿದವನ ಬಗ್ಗೆ ಏನೂ ಇಲ್ಲ, ಸಾಮಾನಿನ ಬಗ್ಗೆ ಮಾತ್ರ ಇದೆ. ಅದಕ್ಕೇ ಯಾರಿಗೂ ಬೇಸರವಾಗುವುದಿಲ್ಲ. ನಾವು ತಪ್ಪುವುದು ಇಲ್ಲೇ. ‘ಹೋದ ಸಲ ನೀನು...’ ಅಂತ ಶುರು ಮಾಡುತ್ತೇವೆ, ಅಲ್ಲಿಗೆ ಟೂಲ್ ವಿಷಯ ಹೋಗಿ ಜಗಳ ಕೂರುತ್ತದೆ. ‘ಇವತ್ತು ಬೇಡ’, ‘ಆಮೇಲೆ ನೋಡೋಣ’ ಅನ್ನುವ ನೆಪಗಳೂ ಬೇಡ. ಆಮೇಲೆ ಅವನು ಬಂದೇ ಬರುತ್ತಾನೆ.

ಇನ್ನು ಕೆಲವು ಸಾಮಾನು ಸ್ನೇಹ, ದಾಕ್ಷಿಣ್ಯ ಯಾವುದಕ್ಕೂ ಜಗ್ಗಿ ಕೊಡಬಾರದವು, ಯಾಕೆಂದರೆ ಅಲ್ಲಿ ಹೋಗುವುದು ಟೂಲ್ ಅಲ್ಲ, ಬೆರಳು. ನಾಲ್ಕಿಂಚಿನ ಗ್ರೈಂಡರ್ ಅದರಲ್ಲಿ ಮೊದಲನೆಯದು. ಗಾರ್ಡ್ ಸಮೇತ ಹೋದದ್ದು ಗಾರ್ಡ್ ಇಲ್ಲದೆ ಬಂದರೆ, ಅದಕ್ಕೆ ದೊಡ್ಡ ಡಿಸ್ಕ್ ತೊಡಿಸಿದ್ದರು ಅಂತಲೇ ತಿಳಿಯಿರಿ. ಆ ಚಿಕ್ಕ ಮೆಷಿನ್ ನಿಮಿಷಕ್ಕೆ ಸುಮಾರು 11,000 ಸುತ್ತು ಓಡುತ್ತದೆ, 180 ಮಿ.ಮೀ. ಡಿಸ್ಕ್ ಮೇಲೆ ಬರೆದಿರುವ ಮಿತಿ ಸುಮಾರು 8,500. ಅದು ಸಿಡಿದರೆ ಎದುರಿಗೆ ಗಾರ್ಡ್ ಕೂಡ ಇಲ್ಲ. ಎಲೆಕ್ಟ್ರಿಷಿಯನ್‌ಗಳ 1000 ವೋಲ್ಟ್ ಗುರುತಿನ ಸ್ಕ್ರೂಡ್ರೈವರ್ ಇನ್ನೊಂದು. ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಒಂದು ಸಣ್ಣ ಸೀಳು ಬಿದ್ದರೆ ಸಾಕು, ಮಾರನೇ ದಿನ ಪ್ಯಾನಲ್ ಮುಂದೆ ನಿಲ್ಲುವವನು ನೀವು. ಮೂರನೆಯದು ಸ್ವಂತ ಸ್ಲಿಂಗ್, ಚೈನ್. ಭಾರ ಎತ್ತುವ ಸಾಮಾನನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಬೇಕು ಅನ್ನುವ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದದ್ದು. ಪೆಟ್ಟಿಗೆಯಿಂದ ತೆಗೆದುಕೊಟ್ಟ ಸ್ಲಿಂಗ್‌ಗೆ ಯಾವ ಪರೀಕ್ಷೆ ಆಗಿರುತ್ತದೆ? ಕೊಡಲೂ ಬೇಡಿ, ತರಲೂ ಬೇಡಿ.

ದಾನ

ಮೂರನೇ ಗುಂಪಿನ ಮಾತು. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಹಲ್ಲು ಸ್ವಲ್ಪ ಮೊಂಡಾದ ಮೇಲೆ ಉಕ್ಕಿಗೆ ಇಳಿಸುವುದು ಫಿಟ್ಟರ್‌ಗಳ ಹಳೇ ಪದ್ಧತಿ. ಉಕ್ಕಿನ ಮೇಲೆ ಓಡಾಡಿದ ಅರ ಆಮೇಲೆ ಹಿತ್ತಾಳೆಯನ್ನು ಕಚ್ಚುವುದಿಲ್ಲ, ಜಾರುತ್ತದೆ. ನಾನು ಹಿತ್ತಾಳೆಗೆಂದು ಬೇರೆ ಇಟ್ಟ ಅರವನ್ನು ಒಬ್ಬ ಐದು ನಿಮಿಷಕ್ಕೆ ಒಯ್ದು ವೆಲ್ಡಿಂಗ್ ಗಂಟು ತಿಕ್ಕಿ ತಂದ. ಹಿಡಿ ಅದೇ, ಉದ್ದ ಅದೇ, ಅರ ಮಾತ್ರ ಸತ್ತಿತ್ತು. ಅವನಿಗೆ ಅದು ಗೊತ್ತೇ ಇಲ್ಲ, ಹೇಳಿದರೂ ಅರ್ಥವಾಗಲಿಲ್ಲ. ಅಲ್ಯೂಮಿನಿಯಂ ತಿಕ್ಕಿ ತಂದಿದ್ದರೆ ವೈರ್ ಬ್ರಷ್‌ನಿಂದ ಹಲ್ಲು ಬಿಡಿಸಿ, ಸೀಮೆಸುಣ್ಣ ಬಳಿದು ಬದುಕಿಸಬಹುದಿತ್ತು.

ಹಾಗಾಗಿ ಸವೆಯುವ ಸಾಮಾನಿಗೆ ನನ್ನ ಪದ್ಧತಿ: ಹಳೆಯ ಅರ, ಹಳೆಯ ಬ್ಲೇಡ್, ಚಿಕ್ಕದಾದ ಡ್ರಿಲ್ ಬಿಟ್‌ಗಳದ್ದೊಂದು ಡಬ್ಬಿ. ಕೇಳಿದವನಿಗೆ ಅದರಿಂದ ತೆಗೆದು ‘ಇಟ್ಕೋ’ ಅನ್ನುವುದು. ಟ್ಯಾಪ್ ಮಾತ್ರ ಬೇರೆ. ಎಂ6 ಟ್ಯಾಪ್ ಮುರಿದರೆ ಟ್ಯಾಪ್ ಅಷ್ಟೇ ಅಲ್ಲ, ಜಾಬ್ ಕೂಡ ಹೋಗುತ್ತದೆ. ಕೊಡುವ ಮುಂಚೆ ‘ಹೋಲ್ ಎಷ್ಟು ಹಾಕಿದ್ದೀಯಾ’ ಅಂತ ಕೇಳಿ. 5 ಅಂದರೆ ಕೊಡಿ. ‘ನಾಲ್ಕೂವರೆ ಇರ್ಬೇಕು’ ಅಂದರೆ 5 ಮಿ.ಮೀ. ಡ್ರಿಲ್ ಕೊಡಿ, ಟ್ಯಾಪ್ ಆಮೇಲೆ.

ಕಂಪನಿಯಿಂದ ತರಿಸುವುದು

ಎಲ್ಲಕ್ಕಿಂತ ನಿಧಾನದ ದಾರಿ, ಆದರೆ ಅಳತೆಯ ಸಾಮಾನಿಗೆ ನಿಜಕ್ಕೂ ಸರಿಯಾದದ್ದು. ಐಎಸ್‌ಒ 9001 ಬೋರ್ಡ್ ಹಾಕಿಕೊಂಡ ಶಾಪ್‌ನಲ್ಲಿ ಮಾಲು ಪಾಸ್ ಮಾಡುವ ಅಳತೆ ಸಾಧನಕ್ಕೆ ಕ್ಯಾಲಿಬ್ರೇಷನ್ ದಾಖಲೆ ಇರಬೇಕು. ನನ್ನ, ನಿಮ್ಮ ಪೆಟ್ಟಿಗೆಯ ವರ್ನಿಯರ್‌ಗೆ ಅದು ಇರುವುದಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ ‘ನನ್ನ ಸಾಮಾನು ಹಾಳಾಗ್ತಿದೆ’ ಅಂತ ಅಳುವುದರಿಂದ ಏನೂ ಆಗುವುದಿಲ್ಲ. ‘ಸಾರ್, ಆಡಿಟ್‌ನಲ್ಲಿ ಇದು ಸಿಕ್ಕಿಬಿದ್ರೆ?’ ಅಂದರೆ ಖರೀದಿಯ ಇಂಡೆಂಟ್ ಬೇಗ ಸಹಿ ಆಗುತ್ತದೆ. ನಮ್ಮಲ್ಲಿ ಎರಡು ಡಯಲ್, ಒಂದು ಬೋರ್ ಗೇಜ್ ಬಂದದ್ದು ಹೀಗೆ.

ಸ್ವಂತ ಟೂಲ್ಸ್ ತರುವವರು ಗೇಟಿನ ರಿಜಿಸ್ಟರ್‌ನಲ್ಲಿ ಬರೆಸುವುದನ್ನು ಮರೆಯಬೇಡಿ. ಕೆಲಸ ಬಿಡುವ ದಿನ ಸೆಕ್ಯೂರಿಟಿಯವನು ಪೆಟ್ಟಿಗೆ ತೆಗೆಸಿ ‘ಇದು ಕಂಪನಿದಲ್ಲ ಅಂತ ಹೆಂಗೆ ನಂಬೋದು’ ಅಂದಾಗ ಆ ಒಂದು ಸಾಲೇ ನಿಮ್ಮ ಸಾಕ್ಷಿ.

ಮೇಲಿನವರು ಕೇಳಿದರೆ, ಮುರಿದುಹೋದರೆ

ಜೊತೆಯವನಿಗೆ ಇಲ್ಲ ಅನ್ನುವುದು ಸುಲಭ. ಸೂಪರ್‌ವೈಸರ್ ಬಂದು ‘ವರ್ನಿಯರ್ ಕೊಡಪ್ಪಾ’ ಅಂದರೆ ಕೈ ತಾನಾಗಿ ಪೆಟ್ಟಿಗೆಗೆ ಹೋಗುತ್ತದೆ. ಅವರು ಅದನ್ನು ಟೇಬಲ್ ಮೇಲಿಟ್ಟು ಮೀಟಿಂಗ್‌ಗೆ ಹೋಗುತ್ತಾರೆ, ಅಲ್ಲಿಂದ ಅದು ಎಲ್ಲಿಗೋ ಹೋಗುತ್ತದೆ. ‘ಏನ್ ಅಳೀಬೇಕು ಹೇಳಿ ಸಾರ್, ನಾನೇ ನೋಡ್ಕೊಡ್ತೀನಿ’ ಅನ್ನುವ ಒಂದೇ ಉತ್ತರ ಇಪ್ಪತ್ತು ವರ್ಷದಿಂದ ನನ್ನನ್ನು ಕಾಪಾಡಿದೆ. ಟ್ರೈನಿಗಳಿಗೆ ಮಾತ್ರ ನಾನು ಸಡಿಲ. ಹುಡುಗರ ಹತ್ತಿರ ಏನೂ ಇರುವುದಿಲ್ಲ, ನನಗೂ ಯಾರೋ ಕೊಟ್ಟಿದ್ದರಿಂದಲೇ ಕೈ ಕೂತದ್ದು.

ಮುರಿದರೆ ಯಾರು ಕೊಡಬೇಕು? ಇದಕ್ಕೆ 1872ರ ಕರಾರು ಕಾಯ್ದೆಯಲ್ಲೇ ಉತ್ತರ ಇದೆ. ಇಸಿದುಕೊಂಡವನು ಅದನ್ನು ತನ್ನ ಸ್ವಂತ ಸಾಮಾನಿನ ಹಾಗೆ, ಬುದ್ಧಿ ಇರುವ ಯಾರಾದರೂ ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು ಅನ್ನುತ್ತದೆ 151ನೇ ಸೆಕ್ಷನ್. ಹಾಗೆ ನೋಡಿಕೊಂಡೂ ಹಾಳಾದರೆ, ಬೇರೆ ಕರಾರು ಇಲ್ಲದಿದ್ದರೆ ಅವನ ತಪ್ಪಲ್ಲ. ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದ್ದರಿಂದ ಹಾಳಾದರೆ ಅವನೇ ತುಂಬಿಕೊಡಬೇಕು. ವರ್ನಿಯರ್‌ನಲ್ಲಿ ಗೆರೆ ಎಳೆದವನು, ಸ್ಪ್ಯಾನರ್‌ನಲ್ಲಿ ಮೊಳೆ ಹೊಡೆದವನು ಇದರಲ್ಲಿ ಬರುತ್ತಾನೆ. ಕೊಡುವವನಿಗೂ ಒಂದು ಜವಾಬ್ದಾರಿ ಇದೆ: ಅಪಾಯದ ಕುಂದು ನಮಗೆ ಗೊತ್ತಿದ್ದರೆ ಹೇಳಿಯೇ ಕೊಡಬೇಕು. ಬಾಡಿಗೆ ಇಲ್ಲದೆ ಕೊಟ್ಟ ಸಾಮಾನನ್ನು ಒಂದು ವಾರಕ್ಕೆ ಅಂತ ಕೊಟ್ಟಿದ್ದರೂ ನಡುವೆಯೇ ವಾಪಸ್ ಕೇಳಬಹುದು. ಆದರೆ ಅವನು ನಿಮ್ಮನ್ನು ನಂಬಿ ಕೆಲಸ ಹಿಡಿದಿದ್ದು, ಅದರಿಂದ ಪಡೆದ ಅನುಕೂಲಕ್ಕಿಂತ ಹೆಚ್ಚು ನಷ್ಟ ಆದರೆ ಆ ಹೆಚ್ಚಿನದ್ದು ನಿಮ್ಮ ತಲೆಗೆ. ಒಂದು ಸ್ಪ್ಯಾನರಿಗೆ ಯಾರೂ ಕೋರ್ಟ್ ಮೆಟ್ಟಿಲು ಹತ್ತುವುದಿಲ್ಲ ನಿಜ. ಟೀ ಅಂಗಡಿ ಮುಂದೆ ನಿಂತು ಪಂಚಾಯ್ತಿ ಮಾಡುವಾಗ ಇದೇ ಅಳತೆ ಇಟ್ಟುಕೊಂಡರೆ ಇಬ್ಬರೂ ಒಪ್ಪುತ್ತಾರೆ. ಅರ್ಧ ಬೆಲೆ ಕೊಟ್ಟರೆ ಇಸಿದುಕೊಳ್ಳಿ, ಪೂರ್ತಿ ಕೇಳಬೇಡಿ; ನಿಮ್ಮದೂ ಹಳೆಯದೇ ಆಗಿತ್ತು.

ಏನೇ ಪದ್ಧತಿ ಮಾಡಿದರೂ ಒಂದಿಷ್ಟು ಸಾಮಾನು ವರ್ಷವಿಡೀ ಹೊರಗೇ ಇರುತ್ತದೆ. ಅದಕ್ಕೆ ಇರುವುದು ಆಯುಧಪೂಜೆ. ಹಿಂದಿನ ದಿನ ಮೆಷಿನ್ ತೊಳೆದು, ಬೆಂಚ್ ಒರೆಸಿ, ಟೂಲ್ಸ್ ಎಲ್ಲ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ ಇಡುವ ಹೊತ್ತಿಗೆ ಎಲ್ಲರ ಡ್ರಾಯರ್‌ಗಳೂ ಖಾಲಿಯಾಗುತ್ತವೆ. ಬೇರೆಯವರ ಸಾಮಾನಿಗೆ ಕುಂಕುಮ ಹಚ್ಚಲು ಯಾರಿಗೂ ಮನಸ್ಸು ಬಾರದು. ಸಂಜೆ ಹೊತ್ತಿಗೆ ಒಬ್ಬೊಬ್ಬರೇ ಬಂದು ಮಾತಿಲ್ಲದೆ ನನ್ನ ಬೆಂಚಿನ ಮೇಲೆ ಇಟ್ಟು ಹೋಗುತ್ತಾರೆ. ಗುಲಾಬಿ 16-17, ಐದನೇ ನಂಬರ್ ಕೀ, ಹಿಡಿ ಇಲ್ಲದ ಒಂದು ಅರ.

ಹೋದ ವರ್ಷ ಹಾಗೆ ಪೆಟ್ಟಿಗೆ ಪೂರ್ತಿ ಬಗ್ಗಿಸಿ ಒರೆಸುವಾಗ ತಳದಲ್ಲಿ ಒಂದು ಸೆಂಟರ್ ಪಂಚ್ ಸಿಕ್ಕಿತು. ಮೇಲೆ ಎರಡಕ್ಷರ ಕೆತ್ತಿದೆ, ನನ್ನದಲ್ಲ. ಬಹಳ ಹೊತ್ತು ನೋಡಿದ ಮೇಲೆ ನೆನಪಾಯಿತು, ಎರಡನೇ ಕಂಪನಿಯಲ್ಲಿ ಪಕ್ಕದ ಬೆಂಚಿನಲ್ಲಿದ್ದವನದು. ಹನ್ನೊಂದು ವರ್ಷ ಆಗಿತ್ತು. ಫೋನ್ ಮಾಡಿ ಹೇಳಿದೆ.

‘ಗೊತ್ತು ಬಿಡಣ್ಣಾ,’ ಅಂದ ಅವನು. ‘ಒಂದ್ನಿಮಿಷ ಅಂತ ಇಸ್ಕೊಂಡಿದ್ರಿ.’